ಲೋ-ಕಾರ್ಬ್ ಊಟದ ಡಬ್ಬಿ: ಐದು ತಿಂಗಳು ತಿಂದ ಮೇಲೆ ನನ್ನ ಅಭಿಪ್ರಾಯ

ಹೋದ ವರ್ಷ ಜನವರಿಯಿಂದ ಮೇವರೆಗೆ ಬೆಂಗಳೂರಿನ ನಮ್ಮ ಮನೆಗೆ ಲೋ-ಕಾರ್ಬ್, ಅಂದರೆ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಕಡಿಮೆ ಇರುವ ಊಟದ ಡಬ್ಬಿ ತರಿಸಿಕೊಂಡೆ. ಮಧ್ಯಾಹ್ನ, ರಾತ್ರಿ ಎರಡು ಹೊತ್ತು. ಭಾನುವಾರ ರಜೆ. ತಿಂಗಳಿಗೆ 11,500 ರೂಪಾಯಿ. ಕಂಪನಿಯ ಹೆಸರು ಹೇಳುವುದಿಲ್ಲ, ಇಂಥ ಸೇವೆಗಳು ಈಗ ಊರ ತುಂಬ ಇವೆ, ನಾನು ಹೇಳುವ ಒಳ್ಳೆಯದು ಕೆಟ್ಟದ್ದು ಬೇರೆಯವರಿಗೂ ಹೊಂದಬಹುದು. ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ "ನಾನೂ ತಗೊಳ್ಳಲಾ, ಬೇಡ್ವಾ?" ಎಂದು ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ. ನನ್ನ ಉತ್ತರ ಇಷ್ಟು: ಶುರು ಮಾಡುವುದಕ್ಕೆ ಎರಡು ತಿಂಗಳು ತಗೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ.

ಆಗ ನನಗೆ 44 ವರ್ಷ, ಎತ್ತರ ಐದಡಿ ಮೂರಿಂಚು, ತೂಕ 82.6 ಕೆಜಿ. ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತಿತ್ತು. ನಾನೇನೂ ಹೊಟ್ಟೆಬಾಕತನದಿಂದ ತಿನ್ನುತ್ತಿರಲಿಲ್ಲ, ಎಲ್ಲರ ಮನೆಯ ಊಟವೇ. ಬೆಳಿಗ್ಗೆ ಐದು ಇಡ್ಲಿ, ಮಧ್ಯಾಹ್ನ ಹುಳಿ ಅನ್ನ, ಆಮೇಲೆ ಮೊಸರನ್ನ, ರಾತ್ರಿ ಎರಡು ಚಪಾತಿ ತಿಂದು ಕೊನೆಗೆ "ಒಂಚೂರು" ಅನ್ನ, ನಡುವೆ ನಾಲ್ಕು ಸಲ ಸಕ್ಕರೆ ಹಾಕಿದ ಟೀ, ಟೀ ಜೊತೆ ಬಿಸ್ಕತ್ತು. ಬೇಳೆ, ಕಾಳು, ಮೊಟ್ಟೆ ಎಲ್ಲ ನೆಂಚಿಕೊಳ್ಳುವಷ್ಟು ಮಾತ್ರ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ ಎಲ್ಲ ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲೂ ಇದೇ ಕಂಡಿದೆ. ನಮ್ಮ ಊಟದ ಕ್ಯಾಲೊರಿಯಲ್ಲಿ ಸುಮಾರು ಶೇ 62 ಕಾರ್ಬ್‌ನಿಂದಲೇ ಬರುತ್ತದೆ, ಪ್ರೋಟೀನ್ ತೀರಾ ಕಡಿಮೆ. ಹಾಗಾಗಿ ಕಾರ್ಬ್ ಕಡಿಮೆ ಮಾಡಬೇಕು ಎಂಬ ಮಾತಿನಲ್ಲಿ ನನಗೆ ಅನುಮಾನ ಇರಲಿಲ್ಲ. ಎಷ್ಟು ಕಡಿಮೆ, ಎಷ್ಟು ದಿನ ಎನ್ನುವುದೇ ಪ್ರಶ್ನೆ.

ಈ ಡಬ್ಬಿಯವರ ಲೆಕ್ಕ ದಿನಕ್ಕೆ 50 ಗ್ರಾಂ ಕಾರ್ಬ್. ಅಂದರೆ ಅನ್ನ ಇಲ್ಲ, ಚಪಾತಿ ಇಲ್ಲ, ಮುದ್ದೆ ಇಲ್ಲ. ಮೊದಲ ದಿನದ ಡಬ್ಬಿ ನನಗೆ ಇನ್ನೂ ನೆನಪಿದೆ. ನಾಲ್ಕು ಮನೆಯ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಒಂದರಲ್ಲಿ ಪಾಲಕ್ ಪನೀರ್, ಒಂದರಲ್ಲಿ ಸೌತೆಕಾಯಿ ಕೋಸಂಬರಿ, ಒಂದರಲ್ಲಿ ಉದ್ದಕ್ಕೆ ಸೀಳಿದ ಬೇಯಿಸಿದ ಮೊಟ್ಟೆ, ದೊಡ್ಡ ಮನೆಯಲ್ಲಿ ಹೂಕೋಸು ತುರಿದು ಮಾಡಿದ "ಅನ್ನ". ಮುಚ್ಚಳದ ಒಳಗೆಲ್ಲ ಹಬೆ ಹನಿಯಾಗಿ ನಿಂತಿತ್ತು, ತೆಗೆದ ಕೂಡಲೇ ಹೂಕೋಸಿನ ಗಾಢ ವಾಸನೆ ಪಕ್ಕದ ಟೇಬಲ್‌ವರೆಗೂ ಹೋಯಿತು. ಬಿಸಿ ಆರುವ ಮುಂಚೆಯೇ ಮುಚ್ಚಿದರೆ ಹೂಕೋಸು ಹಾಗೇ ಆಗುತ್ತದೆ. ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿದ್ದ ದಿನ ಮಾತ್ರ ಚೆನ್ನಾಗಿರುತ್ತಿತ್ತು.

ರುಚಿಯ ವಿಷಯದಲ್ಲಿ ಅನ್ಯಾಯ ಮಾಡಬಾರದು, ಕೆಲವು ನಿಜವಾಗಿಯೂ ಚೆನ್ನಾಗಿದ್ದವು. ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ಚಿಕನ್ ಪೆಪ್ಪರ್ ಫ್ರೈ, ಕಡಲೆಕಾಯಿ ಎಳ್ಳು ತುಂಬಿದ ಎಣ್ಣೆಗಾಯಿ, ಮೆಂತ್ಯ ಸೊಪ್ಪಿನ ಆಮ್ಲೆಟ್. ಈ ಮೂರೂ ಇವತ್ತಿಗೂ ನಮ್ಮನೆಯಲ್ಲಿ ಮಾಡುತ್ತೇನೆ. ಬಾದಾಮಿ ಹಿಟ್ಟಿನ ರೊಟ್ಟಿ ಮಾತ್ರ ಬೇಡವೇ ಬೇಡ. ಬಾದಾಮಿ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ಅದಕ್ಕೆ ಇಸಬ್ಗೋಲ್ ಹಾಕಿ ಅಂಟಿಸುತ್ತಾರೆ. ಆರಿದ ಮೇಲೆ ಮುರಿದರೆ ಪುಡಿ ಪುಡಿ, ಪಲ್ಯ ಎತ್ತುವುದಕ್ಕೇ ಬರುವುದಿಲ್ಲ.

ಈಗ ತೂಕದ ವಿಷಯ. ಮೊದಲ ವಾರ 2.4 ಕೆಜಿ ಇಳಿಯಿತು. ಡಬ್ಬಿಯವರಿಂದ ಮೆಸೇಜ್ ಬಂತು, "ಅಭಿನಂದನೆ, 2.4 ಕೆಜಿ ಕೊಬ್ಬು ಕರಗಿದೆ." ಇದು ತಪ್ಪು, ಇದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ನಮ್ಮ ಪಿತ್ತಜನಕಾಂಗದಲ್ಲಿ, ಮಾಂಸಖಂಡಗಳಲ್ಲಿ ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿರುತ್ತೇವೆ. ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂತಿರುತ್ತದೆ. ಕಾರ್ಬ್ ನಿಲ್ಲಿಸಿದರೆ ಈ ದಾಸ್ತಾನು ಖಾಲಿಯಾಗಿ ನೀರೂ ಹೊರಗೆ ಹೋಗುತ್ತದೆ. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕಡಿಮೆ ಬೀಳಬೇಕು. 2.4 ಕೆಜಿಗೆ 18,000ಕ್ಕೂ ಮೇಲೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವ ನನ್ನಂಥವಳ ದೇಹ ವಾರಪೂರ್ತಿ ಉಪವಾಸ ಇದ್ದರೂ ಅಷ್ಟು ಖರ್ಚಾಗುವುದಿಲ್ಲ. ಮೊದಲ ವಾರ ಇಳಿದದ್ದರಲ್ಲಿ ನೀರೇ ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಎರಡನೇ ವಾರ ಬರೀ ಅರ್ಧ ಕೆಜಿ ಇಳಿದಾಗ ಜನ ಎದೆಗುಂದುವುದಿಲ್ಲ. ನಾನು ಆ ವಾರ ತಕ್ಕಡಿ ಮುಂದೆ ನಿಂತು ಅತ್ತಿದ್ದೆ.

ಮೂರನೇ ದಿನದಿಂದ ತಲೆನೋವು, ಸುಸ್ತು. ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಉಪ್ಪಿನಂಶವನ್ನು ಜಾಸ್ತಿ ಹೊರಗೆ ಹಾಕುತ್ತವೆ, ಅದರಿಂದ ಹೀಗಾಗುತ್ತದೆ ಎಂದು ನಮ್ಮ ಡಾಕ್ಟರ್ ಹೇಳಿದರು. ನನಗೆ ಬಿಪಿ ಇಲ್ಲದ ಕಾರಣ ಉಪ್ಪು ನಿಂಬೆರಸದ ನೀರು ಕುಡಿಯಿರಿ ಅಂದರು, ಎರಡು ದಿನದಲ್ಲಿ ಸರಿಹೋಯಿತು. ಡಬ್ಬಿಯವರು ಇದನ್ನೂ ಹೇಳಿರಲಿಲ್ಲ.

ಆದರೆ ಹಸಿವು ಕಡಿಮೆಯಾದದ್ದು ಸತ್ಯ. ಸಂಜೆ ನಾಲ್ಕಕ್ಕೆ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುವುದು ತಾನಾಗಿಯೇ ನಿಂತಿತು. ಊಟದಲ್ಲಿ ಪ್ರೋಟೀನ್ ಜಾಸ್ತಿ ಆದದ್ದು ಒಂದು ಕಾರಣ, ಅಳತೆ ಮಾಡಿ ಬಂದದ್ದು ಇನ್ನೊಂದು. ಏನು ಮಾಡಲಿ, ಎಷ್ಟು ಬಡಿಸಿಕೊಳ್ಳಲಿ ಎಂಬ ಯೋಚನೆಯೇ ಇಲ್ಲ. ಕೆಲಸ ಮುಗಿಸಿ ಸುಸ್ತಾಗಿ ಬಂದ ಹೆಂಗಸಿಗೆ ಅದೆಷ್ಟು ದೊಡ್ಡ ನೆಮ್ಮದಿ ಎಂದು ಅನುಭವಿಸಿದವರಿಗೇ ಗೊತ್ತು. ಮೂರು ತಿಂಗಳಿಗೆ 75.8 ಕೆಜಿ ಆಯಿತು. ಮಂಡಿ ನೋವು ಅರ್ಧಕ್ಕರ್ಧ ಹೋಯಿತು. ಶುರು ಮಾಡಿಸುವ ವಿಷಯದಲ್ಲಿ ಈ ಡಬ್ಬಿಗೆ ಪೂರ್ತಿ ಅಂಕ ಕೊಡುತ್ತೇನೆ.

ನನ್ನನ್ನು ನೋಡಿ ನಮ್ಮ ಯಜಮಾನರೂ ಸೇರುತ್ತೇನೆ ಅಂದರು. ಅವರಿಗೆ ಎಂಟು ವರ್ಷದಿಂದ ಶುಗರ್ ಇದೆ. ಫಾರ್ಮ್ ತುಂಬಿದರೆ ಅದರಲ್ಲಿ ಎತ್ತರ, ತೂಕ, ವೆಜ್ಜಾ ನಾನ್‌ವೆಜ್ಜಾ ಇಷ್ಟೇ ಕೇಳಿದ್ದರು. ಯಾವ ಮಾತ್ರೆ ತಗೊಳ್ಳುತ್ತೀರಿ ಎಂಬ ಒಂದೇ ಒಂದು ಪ್ರಶ್ನೆ ಇಲ್ಲ! ದುಡ್ಡು ಕಟ್ಟುವ ಮುಂಚೆ ಡಾಕ್ಟರ್ ಹತ್ತಿರ ಹೋದದ್ದು ಒಳ್ಳೆಯದಾಯಿತು. ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಂಡು ಕಾರ್ಬ್ ದಿಢೀರನೆ ನಿಲ್ಲಿಸಿದರೆ ಶುಗರ್ ತೀರಾ ಕೆಳಗೆ ಹೋಗಬಹುದು. ಡಪಾಗ್ಲಿಫ್ಲೋಜಿನ್ ಥರದ ಮಾತ್ರೆಯಿದ್ದರೆ ಶುಗರ್ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಿ ಆಸ್ಪತ್ರೆ ಸೇರುವ ಹಾಗಾಗಬಹುದು. ನಮ್ಮ ಯಜಮಾನರು ಇವೆರಡನ್ನೂ ನುಂಗುತ್ತಿದ್ದರು. ದಯವಿಟ್ಟು ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇಂಥ ಡಬ್ಬಿ ಹಚ್ಚಬೇಡಿ. ಈ ಒಂದು ಪ್ರಶ್ನೆ ಕೇಳದ ಕಾರಣಕ್ಕೇ ನಾನು ಎರಡು ಸ್ಟಾರ್ ಕಡಿಮೆ ಮಾಡುತ್ತಿದ್ದೇನೆ.

ನಾಲ್ಕನೇ ತಿಂಗಳಿಂದ ತೂಕ ಅಲ್ಲೇ ನಿಂತಿತು. 75.5, 75.9, ಮತ್ತೆ 75.6. ನಾಲಿಗೆಯೂ ಬೇಸತ್ತಿತ್ತು. ಏಪ್ರಿಲ್‌ನಲ್ಲಿ ಒಂದು ಭಾನುವಾರ ಮದ್ದೂರಿನ ಹತ್ತಿರದ ನಮ್ಮಮ್ಮನ ಮನೆಗೆ ಹೋಗಿದ್ದೆ. ಅಮ್ಮ ಉಪ್ಸಾರು ಮಾಡಿದ್ದಳು, ಹಸಿಮೆಣಸಿನಕಾಯಿ ಖಾರ ಅರೆದಿಟ್ಟಿದ್ದಳು, ಕೈ ಒದ್ದೆ ಮಾಡಿಕೊಂಡು ಬಿಸಿ ಬಿಸಿ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು. "ರಾಗಿ ಒಳ್ಳೇದಲ್ವೇನವ್ವಾ, ಅದನ್ನೂ ತಿನ್ನಬಾರದಾ?" ಅಂದಳು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ನಿಜ. ಆದರೆ ಕಾರ್ಬ್ ವಿಷಯದಲ್ಲಿ ಅದು ಗೋಧಿಯ ಅಣ್ಣತಮ್ಮನೇ, 100 ಗ್ರಾಂ ಹಿಟ್ಟಿಗೆ 67 ಗ್ರಾಂ ಹತ್ತಿರ. ಅಮ್ಮ ಕಟ್ಟುವ ಒಂದು ಮುದ್ದೆಗೆ ಅಷ್ಟು ಹಿಟ್ಟು ಬೇಕೇ ಬೇಕು, ಅಂದರೆ ಒಂದೇ ಮುದ್ದೆಗೆ ನನ್ನ ದಿನದ 50 ಗ್ರಾಂ ದಾಟಿಹೋಗುತ್ತಿತ್ತು. ನಾನು ಅರ್ಧ ತಿಂದು ಎದ್ದೆ. ಅಮ್ಮ ಮಿಕ್ಕ ಅರ್ಧದ ಮೇಲೆ ತಟ್ಟೆ ಮುಚ್ಚಿಟ್ಟಳು, ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅನ್ನಿಸಿತು, ಸಾಯುವವರೆಗೂ ಹೀಗೆ ಎದ್ದು ಬರೋಕಾಗುತ್ತಾ? ಆಗುವುದಿಲ್ಲ. ಮೇ ತಿಂಗಳ ಕೊನೆಗೆ ಡಬ್ಬಿ ನಿಲ್ಲಿಸಿದೆ.

ನಿಲ್ಲಿಸಿದ ಹತ್ತು ದಿನದಲ್ಲಿ ಎರಡು ಕೆಜಿ ಏರಿತು. ಹೋದ ನೀರು ವಾಪಸ್ ಬಂತು ಎಂದು ಈ ಸಲ ಗೊತ್ತಿತ್ತು, ಹೆದರಲಿಲ್ಲ. ಆಮೇಲಿನ ಆರು ವಾರದಲ್ಲಿ ಇನ್ನೂ ಒಂದೂವರೆ ಕೆಜಿ ಏರಿತಲ್ಲ, ಅದು ಮಾತ್ರ ನಿಜವಾದ ಏರಿಕೆ. ಡಬ್ಬಿ ಬಂದಷ್ಟು ದಿನ ಎಲ್ಲ ಅವರೇ ಅಳೆದು ಕೊಟ್ಟಿದ್ದರು. ನಮ್ಮನೆಯ ಅನ್ನದ ಸೌಟಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ನನಗೆ ಆಗಲೂ ಗೊತ್ತಿರಲಿಲ್ಲ.

ಹೀಗಾಗುವುದು ನನಗೊಬ್ಬಳಿಗೇ ಅಲ್ಲ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ 63 ಜನರ ಅಧ್ಯಯನದಲ್ಲಿ ಆರು ತಿಂಗಳಿಗೆ ಲೋ-ಕಾರ್ಬ್ ಗುಂಪು ಮಾಮೂಲಿ ಪಥ್ಯದವರಿಗಿಂತ ಮುಂದಿತ್ತು, ವರ್ಷದ ಹೊತ್ತಿಗೆ ಆ ಅಂತರ ಲೆಕ್ಕಕ್ಕೆ ಹಿಡಿಯುವಷ್ಟು ಉಳಿದಿರಲಿಲ್ಲ. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ನೋಡಿದರು. ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕೆಜಿ ಇಳಿದರು, ಊಟದಲ್ಲಿ ಕೊಬ್ಬು ಕಡಿಮೆ ಮಾಡಿದವರು 5.3 ಕೆಜಿ. ದೊಡ್ಡ ವ್ಯತ್ಯಾಸ ಏನಿಲ್ಲ. ಎರಡೂ ಗುಂಪಿನವರಿಗೆ ಸಕ್ಕರೆ, ಮೈದಾ ಬಿಡಿ, ತರಕಾರಿ ತಿನ್ನಿ ಎಂದು ಹೇಳಿದ್ದರು ಎನ್ನುವುದನ್ನು ಗಮನಿಸಬೇಕು. ನನಗೆ ತುಂಬ ಹಿಡಿಸಿದ್ದು 2008ರ ಇಸ್ರೇಲಿನ ಅಧ್ಯಯನ, ಏಕೆಂದರೆ ಅಲ್ಲಿ ಡಿಮೋನಾ ಎಂಬ ಊರಿನ ಕೆಲಸದ ಜಾಗದ ಕ್ಯಾಂಟೀನಿನಲ್ಲೇ ಮಧ್ಯಾಹ್ನದ ಊಟ ಅವರವರ ಪಥ್ಯದಂತೆ ಸಿಗುತ್ತಿತ್ತು. ಒಂಥರ ನನ್ನ ಡಬ್ಬಿಯ ಹಾಗೇ. 322 ಜನ, ಎರಡು ವರ್ಷ. ಲೋ-ಕಾರ್ಬ್‌ನವರು ಕೊನೆಗೆ 4.7 ಕೆಜಿ ಇಳಿದಿದ್ದರು, ಕಾಳು ತರಕಾರಿ ಆಲಿವ್ ಎಣ್ಣೆಯ ಮೆಡಿಟರೇನಿಯನ್ ಊಟದವರು 4.4, ಕೊಬ್ಬು ಕಡಿಮೆ ಮಾಡಿದವರು 2.9. ಅಲ್ಲೂ ಜಾಸ್ತಿ ಇಳಿದದ್ದು ಮೊದಲ ಆರು ತಿಂಗಳಲ್ಲೇ. ಲೋ-ಕಾರ್ಬ್ ಕೆಲಸ ಮಾಡುತ್ತದೆ, ಸುಳ್ಳಲ್ಲ. ಕಾಳು, ಧಾನ್ಯ ಇರುವ ಊಟವೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಿತಲ್ಲ, ಅದು ನನಗೆ ಧೈರ್ಯ ಕೊಟ್ಟಿತು.

ಜುಲೈನಲ್ಲಿ 400 ರೂಪಾಯಿಯ ಅಡುಗೆ ತಕ್ಕಡಿ ತಂದೆ. ನಮ್ಮ ಸೌಟಿಗೆ 90 ಗ್ರಾಂ ಅನ್ನ ಹಿಡಿಯುತ್ತದೆ. ಮೊದಲು ನಾನು ಒಂದು ಊಟಕ್ಕೆ ನಾಲ್ಕು ಸೌಟು ಹಾಕಿಕೊಳ್ಳುತ್ತಿದ್ದೆ, ಅಂದರೆ ಅನ್ನದಿಂದಲೇ ಸುಮಾರು 100 ಗ್ರಾಂ ಕಾರ್ಬ್. ಈಗ ಮಧ್ಯಾಹ್ನ ಒಂದೂವರೆ ಸೌಟು, ಅದಕ್ಕೆ ಮುಂಚೆ ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಉಸಲಿ, ಸೊಪ್ಪಿನ ಪಲ್ಯ, ಒಂದು ಮೊಟ್ಟೆ. ರಾತ್ರಿ 50 ಗ್ರಾಂ ಹಿಟ್ಟಿನ ಚಿಕ್ಕ ಮುದ್ದೆ, ಗಟ್ಟಿ ಬಸ್ಸಾರು. ಇಡ್ಲಿ ಎರಡೇ, ಸಾಂಬಾರು ಎಷ್ಟು ಬೇಕಾದರೂ. ಟೀಗೆ ಸಕ್ಕರೆ ಪೂರ್ತಿ ಬಿಟ್ಟೆ, ಅದೊಂದು ಕಷ್ಟ ಆಯಿತು, ಮೂರು ವಾರ. ಇಳಿತ ನಿಧಾನ, ತಿಂಗಳಿಗೆ ಅರ್ಧ ಕೆಜಿ. ಈಗ 74.3 ಇದೆ. ಡಬ್ಬಿಯಿಂದ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು: ಮೊದಲು ಪ್ರೋಟೀನ್ ಏನು ಎಂದು ಗೊತ್ತು ಮಾಡಿ ಆಮೇಲೆ ಉಳಿದ ಅಡುಗೆ ಯೋಚಿಸುವುದು.

ಇನ್ನೊಂದು ಮಾತು ಮರೆತಿದ್ದೆ. ಐದು ತಿಂಗಳ ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 118ರಿಂದ 149ಕ್ಕೆ ಹೋಗಿತ್ತು. ಚೀಸ್, ಬೆಣ್ಣೆ, ಕೊಬ್ಬರಿ ಎಣ್ಣೆ ಡಬ್ಬಿಯಲ್ಲಿ ಧಾರಾಳವಾಗಿ ಇರುತ್ತಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ, ರಕ್ತದಲ್ಲಿನ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ ನನಗೆ ಚೆನ್ನಾಗಿಯೇ ಇಳಿದಿತ್ತು. ಆದರೂ ಶುರು ಮಾಡುವ ಮುಂಚೆ ಒಂದು, ಎರಡು ತಿಂಗಳಾದ ಮೇಲೆ ಒಂದು ಪರೀಕ್ಷೆ ಮಾಡಿಸಿಕೊಳ್ಳಿ.

ಡೆಲಿವರಿ ಬಗ್ಗೆ ದೂರಿಲ್ಲ, ಐದು ತಿಂಗಳಲ್ಲಿ ಮೂರು ಸಲ ತಡವಾಯಿತು ಅಷ್ಟೇ, ಮೂರೂ ಸಲ ಮಳೆ. ತಂದುಕೊಡುವ ಹುಡುಗ ತುಂಬ ಮರ್ಯಾದಸ್ಥ. ರಜೆ ಹಾಕಿದ ದಿನದ ದುಡ್ಡು ಮುಂದಿನ ತಿಂಗಳಿಗೆ ಹಿಡಿದುಕೊಟ್ಟರು. ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಒಬ್ಬರೇ ಇರುವವರು, ಅಡುಗೆಗೆ ಸಮಯವೇ ಇಲ್ಲದವರು, ಶುಗರ್ ಮಾತ್ರೆ ಇಲ್ಲದವರು ಧೈರ್ಯವಾಗಿ ಎರಡು ತಿಂಗಳು ತಗೊಳ್ಳಬಹುದು. ಆ ಎರಡು ತಿಂಗಳಲ್ಲೇ ಒಂದು ತಕ್ಕಡಿ ತಂದು, ಡಬ್ಬಿಯ ಒಂದೊಂದು ಮನೆಯಲ್ಲಿ ಎಷ್ಟು ಗ್ರಾಂ ಇದೆ ಎಂದು ತೂಗಿ ಬರೆದಿಟ್ಟುಕೊಳ್ಳಿ. ನಾನು ಅದನ್ನು ಮಾಡಲಿಲ್ಲ.

ಡಬ್ಬಿಯವರಿಗೂ ಉದ್ದಕ್ಕೆ ಬರೆದು ಕಳಿಸಿದ್ದೇನೆ. ಫಾರ್ಮ್‌ನಲ್ಲಿ ಮಾತ್ರೆಗಳ ಬಗ್ಗೆ ಕೇಳಿ ಎಂದೆ. ಮೂರನೇ ತಿಂಗಳಿಂದ ಬೇಕಾದವರಿಗೆ ಹೂಕೋಸಿನ ಅನ್ನದ ಬದಲು ಆ ದೊಡ್ಡ ಮನೆಯಲ್ಲಿ ಒಂದು ಚಿಕ್ಕ ಮುದ್ದೆ ಇಡಿ ಎಂದೆ. ಫಾರ್ಮ್ ಬದಲಾಯಿಸಿದ್ದಾರೆ, ಹೋದ ವಾರ ನೋಡಿದೆ. ಮುದ್ದೆ ಇನ್ನೂ ಬಂದಿಲ್ಲ.