ಊರಿನವರೇ ಕೊಡುವ ಫೈಬರ್ ಇಂಟರ್ನೆಟ್: ವರ್ಷಗಟ್ಟಲೆ ಬಳಸಿದ ಮೇಲೆ

ಐದಕ್ಕೆ ನಾಲ್ಕು ಅಂಕ. ಅವಸರದಲ್ಲಿ ಇರುವವರಿಗಾಗಿ ಮೊದಲೇ ಹೇಳಿಬಿಟ್ಟೆ. ನಮ್ಮದು ಸಣ್ಣ ಊರು. ಇಲ್ಲಿ ದೊಡ್ಡ ಕಂಪನಿಯ ಕನೆಕ್ಷನ್ ಕೂಡ ಸಿಗುತ್ತದೆ. ನಾನು ಅದನ್ನು ಬಿಟ್ಟು, ಊರಲ್ಲೇ ಆಫೀಸು ಇಟ್ಟುಕೊಂಡಿರುವ ಒಬ್ಬ ಚಿಕ್ಕ ಆಪರೇಟರ್ ಕಡೆ ಬಂದವನು. ವೇಗ ನೋಡಿ ಬಂದದ್ದಲ್ಲ. ಜಾಹೀರಾತು ನೋಡಿದರೆ ವೇಗ ಎಲ್ಲರ ಹತ್ತಿರವೂ ಇದೆ. ಲೈನ್ ಕಡಿದ ದಿನ ಏಣಿ ತಗೊಂಡು ಬರುವವರು ಯಾರು, ಯಾವಾಗ ಬರುತ್ತಾರೆ? ಸಣ್ಣ ಊರಿನವರು ಮೊದಲು ಕೇಳಬೇಕಾದ ಪ್ರಶ್ನೆ ಇದು ಅಂತ ನನ್ನ ಲೆಕ್ಕ.

ಫೈಬರ್‌ಗಿಂತ ಮುಂಚೆ ಹಳೇ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಇತ್ತು. ಅದರ ಬಗ್ಗೆ ಜಾಸ್ತಿ ಹೇಳಲ್ಲ. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜ್‌ನಿಂದ ದೂರ ಹೋದಷ್ಟೂ ವೇಗ ಇಳಿಯುತ್ತದೆ. ಆ ತಂತಿಯ ಮೇಲೆ ನಡೆಯುವ ಎಡಿಎಸ್‌ಎಲ್ 2 ಪ್ಲಸ್ ಎಂಬ ಬಗೆಯಲ್ಲಿ ಗರಿಷ್ಠ 24 ಎಂಬಿಪಿಎಸ್ ಅಂತ ಇದ್ದರೂ ಅದು ಎಕ್ಸ್‌ಚೇಂಜ್ ಪಕ್ಕದ ಮನೆಯವರ ಭಾಗ್ಯ. ನಾಲ್ಕೈದು ಕಿಲೋಮೀಟರ್ ಆಚೆ ಇರುವವರಿಗೆ ಒಂದೆರಡು ಎಂಬಿಪಿಎಸ್ ಬಂದರೆ ದೊಡ್ಡದು. ಮಳೆ ಬಂದು ಜಾಯಿಂಟ್ ಒಳಗೆ ನೀರು ಇಳಿದರೆ ಫೋನಿನಲ್ಲಿ ಕರಕರ ಸದ್ದು, ನೆಟ್ ಕಟ್. ಇವತ್ತಿಗೂ ನಿಮ್ಮ ಬೀದಿಯಲ್ಲಿ ಅದೊಂದೇ ಇದ್ದರೆ ಬೇರೆ ದಾರಿ ಇಲ್ಲ. ಫೈಬರ್ ಬಂದಿದ್ದರೆ ಯೋಚನೆ ಮಾಡೋದೇ ಬೇಡ, ಬದಲಾಯಿಸಿ.

ಮೊಬೈಲ್ ಸಿಗ್ನಲ್ ಹಿಡಿದು ಮನೆಗೆಲ್ಲ ವೈಫೈ ಕೊಡುವ ಡಬ್ಬವನ್ನೂ ಸಾಕಷ್ಟು ಕಾಲ ಬಳಸಿದ್ದೇನೆ. ಗೋಡೆ ಕೊರೆಯೋದು ಬೇಡ, ಯಾರಿಗೂ ಕಾಯೋದು ಬೇಡ, ಸಿಮ್ ಹಾಕಿ ಕಿಟಕಿ ಹತ್ತಿರ ಇಟ್ಟರೆ ಆಯಿತು. ಬೆಳಿಗ್ಗೆ ಅದರ ವೇಗ ನೋಡಿದರೆ ಫೈಬರ್ ಯಾಕೆ ಬೇಕು ಅನ್ನಿಸುತ್ತಿತ್ತು. ಸಂಜೆ ಆದರೆ ಕಥೆ ಬೇರೆ. ಸಣ್ಣ ಊರಿಗೆ ಇರುವುದೇ ಒಂದೆರಡು ಟವರ್. ಎಲ್ಲರೂ ಊಟ ಮುಗಿಸಿ ಫೋನ್ ಹಿಡಿದು ಕೂತಾಗ ನಮ್ಮ ಡಬ್ಬವೂ ಅದೇ ಟವರ್‌ನ ಸರದಿಯಲ್ಲಿ ನಿಲ್ಲಬೇಕು. ಅದರ ಮೇಲೆ ಡೇಟಾ ಮಿತಿ ಬೇರೆ. ಹಾಗಾಗಿ ಈಗ ಅದು ಬ್ಯಾಕಪ್ ಮಾತ್ರ.

ಸ್ಯಾಟಲೈಟ್ ಇಂಟರ್ನೆಟ್ ನಾನು ಹಾಕಿಸಿಲ್ಲ. ಕೇಳುವವರು ಬಹಳ, ಅದಕ್ಕೆ ಒಂದು ಮಾತು. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಸಿಗ್ನಲ್ ಅಲ್ಲಿಗೆ ಹೋಗಿ ಇಳಿದು, ಉತ್ತರ ಮತ್ತೆ ಮೇಲೇರಿ ಇಳಿಯುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಹೋಗಿರುತ್ತದೆ. ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೇ ಮಾತು ಶುರು ಮಾಡಿ ಇಬ್ಬರೂ ಒಟ್ಟಿಗೇ ನಿಲ್ಲಿಸೋದು ಇದರಿಂದಲೇ. ಸ್ಟಾರ್‌ಲಿಂಕ್ ಥರದ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಇರುವುದರಿಂದ ಅಷ್ಟು ತಡ ಆಗಲ್ಲ. ತಂತಿಯೇ ಬರದ ಒಂಟಿ ಮನೆಗಳಿಗೆ ಅದು ಸರಿ. ಬೀದಿಯಲ್ಲಿ ಫೈಬರ್ ಇರುವವರಿಗೆ ಬೇಕಿಲ್ಲ.

ಈಗ ಫೈಬರ್ ವಿಷಯಕ್ಕೆ ಬರೋಣ. "ನಿಮ್ಮ ಮನೆಗೇ ಮೀಸಲಾದ ಲೈನ್" ಅಂತ ಮಾರುವವರು ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಮನೆಗಳಿಗೆ ಬರುವ ಫೈಬರ್ ಬಹುಪಾಲು ಜಿಪಾನ್ ಎಂಬ ತಂತ್ರಜ್ಞಾನದ್ದು. ಆಪರೇಟರ್ ಕಡೆಯಿಂದ ಒಂದು ಎಳೆ ಬರುತ್ತದೆ. ಕಂಬದ ಮೇಲೋ ಬೀದಿ ಬದಿಯ ಪೆಟ್ಟಿಗೆಯಲ್ಲೋ ಒಂದು ಸ್ಪ್ಲಿಟರ್ ಇರುತ್ತದೆ. ಅದು ಅದೇ ಬೆಳಕನ್ನು 32 ಅಥವಾ 64 ಮನೆಗೆ ಹಂಚುತ್ತದೆ. ಡೌನ್‌ಲೋಡ್‌ಗೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್‌ಗೆ ಸುಮಾರು 1.25 ಗಿಗಾಬಿಟ್, ಅದು ಎಲ್ಲರಿಗೂ ಸೇರಿ. ಲೆಕ್ಕ ಹಾಕಿ: 32 ಮನೆಯವರು ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೂ ತಲೆಗೆ 75 ಎಂಬಿಪಿಎಸ್ ಮೇಲೆ ಬರುತ್ತದೆ. ಹಾಗೆ ಎಲ್ಲರೂ ಒಟ್ಟಿಗೇ ಎಳೆಯೋದು ಅಪರೂಪ. ಹಾಗಿದ್ದರೆ ರಾತ್ರಿ ಒಂಬತ್ತಕ್ಕೆ ವಿಡಿಯೋ ಯಾಕೆ ಸುತ್ತುತ್ತಾ ನಿಲ್ಲುತ್ತದೆ?

ಬೀದಿಯ ಹಂಚಿಕೆಯನ್ನು ದೂರುವ ಮೊದಲು ಊರಿನಿಂದ ಆಚೆ ಹೋಗುವ ದಾರಿ ನೋಡಬೇಕು. ಚಿಕ್ಕ ಆಪರೇಟರ್ ಯಾವುದೋ ದೊಡ್ಡ ಕಂಪನಿಯಿಂದ ಸಗಟಾಗಿ ಬ್ಯಾಂಡ್‌ವಿಡ್ತ್ ತಗೊಂಡು ಊರಿಗೆ ಹಂಚುತ್ತಾನೆ. ಗಿರಾಕಿಗಳು ಜಾಸ್ತಿ ಆದರು, ಆ ದಾರಿ ಅಷ್ಟೇ ಉಳಿಯಿತು ಅಂದರೆ ಸಂಜೆ ಎಲ್ಲರಿಗೂ ಇಕ್ಕಟ್ಟು. ದೊಡ್ಡ ಕಂಪನಿಗೂ ಇದೇ ಕಾಯಿಲೆ ಬರುತ್ತದೆ, ಸಣ್ಣ ಊರಿನ ಲಿಂಕ್ ದೊಡ್ಡದು ಮಾಡೋದು ಅವರ ಪಟ್ಟಿಯಲ್ಲಿ ಕೊನೆಗೆ ಇರುತ್ತದೆ ಅಷ್ಟೆ. ನಾನು ಹಿಂದೆ ಇದ್ದ ಕಂಪನಿ ಇದನ್ನು ಒಪ್ಪಿಕೊಳ್ಳಲೇ ಇಲ್ಲ. "ನಿಮ್ಮ ಊರು ದೂರ ಇದೆ, ಅದಕ್ಕೆ ಸ್ವಲ್ಪ ನಿಧಾನ" ಅಂದರು. ಇದು ಶುದ್ಧ ಸಬೂಬು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ನೂರು ಕಿಲೋಮೀಟರ್ ಹೋಗಿ ಬರಲು ಒಂದು ಮಿಲಿಸೆಕೆಂಡ್ ಸಾಕು. ದೂರದ ನೆಪ ಹೇಳಿದರೆ ನಂಬಬೇಡಿ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸ್ಪೀಡ್ ಟೆಸ್ಟ್ ಆ್ಯಪ್ ಒತ್ತಿದರೆ ಅದು ಸಾಮಾನ್ಯವಾಗಿ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತದೆ. ಎಷ್ಟೋ ಸಲ ಅದು ನಿಮ್ಮ ಕಂಪನಿಯ ಒಳಗೇ ಇರುವ ಸರ್ವರ್. ಅಂಕಿ ಚೆನ್ನಾಗಿ ಬರದೇ ಇನ್ನೇನು! ಬೇರೆ ಕಂಪನಿಯ, ದೂರದ ಊರಿನ ಸರ್ವರ್ ಆರಿಸಿ ಮತ್ತೆ ಒತ್ತಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಜೊತೆಗೆ 1.1.1.1 ಅಥವಾ 8.8.8.8 ಎಂಬ ಸಾರ್ವಜನಿಕ ಸರ್ವರ್ ವಿಳಾಸಕ್ಕೆ ಪಿಂಗ್ ಹಾಕಿ ಬಿಡಿ, ಅಂದರೆ ಒಂದು ಪುಟ್ಟ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯುವುದು. ಬೆಳಿಗ್ಗೆ 10 ಮಿಲಿಸೆಕೆಂಡ್ ಇದ್ದದ್ದು ರಾತ್ರಿ 90, 140 ಅಂತ ಕುಣಿಯುತ್ತಿದ್ದರೆ, ಮಧ್ಯೆ ಮಧ್ಯೆ ಉತ್ತರವೇ ಬರದಿದ್ದರೆ ಎಲ್ಲೋ ದಾರಿ ತುಂಬಿದೆ ಅಂತ ಅರ್ಥ. ರೂಟರ್‌ಗೆ ಕೇಬಲ್ ಚುಚ್ಚಿಯೇ ಇದನ್ನು ಮಾಡಿ. ಇಲ್ಲದಿದ್ದರೆ ತಪ್ಪು ವೈಫೈನದ್ದು, ಬೈಗುಳ ಆಪರೇಟರ್‌ಗೆ ಆಗುತ್ತದೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಒತ್ತೊತ್ತಾಗಿ ಮನೆಗಳಿದ್ದರೆ ಅಲ್ಲಿ ಸದಾ ಗದ್ದಲ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ದಪ್ಪ ಗೋಡೆ ದಾಟುವಾಗ ಸೋಲುತ್ತದೆ. ಕಂಪನಿ ಬಿಟ್ಟಿ ಕೊಡುವ ರೂಟರ್ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ನಮ್ಮ ಊರಿನ ಆಪರೇಟರ್‌ನಲ್ಲೂ ಒಂದು ಕಾಲದಲ್ಲಿ ರಾತ್ರಿ ಇಕ್ಕಟ್ಟು ಇತ್ತು. ಪಿಂಗ್‌ನ ಅಂಕಿಗಳನ್ನು ತೋರಿಸಿದೆ. ಆಫೀಸಿನಲ್ಲಿ ಕೂತಿದ್ದ ಹುಡುಗ ನೋಡಿದ ತಕ್ಷಣ "ಗೊತ್ತು ಸಾರ್, ಲಿಂಕ್ ತುಂಬಿದೆ, ಹೆಚ್ಚಿಸೋಕೆ ಹಾಕಿದ್ದೀವಿ" ಅಂದ. ಹೆಚ್ಚಿಸಿದರು ಕೂಡ. ಹಿಂದಿನ ಕಂಪನಿಯಲ್ಲಿ ಇದೇ ದೂರಿಗೆ "ನಿಮ್ಮ ಸಮಸ್ಯೆ ಪರಿಹಾರವಾಗಿದೆ" ಅಂತ ಮೆಸೇಜ್ ಬರುತ್ತಿತ್ತು. ಪರಿಹಾರ ಮಾತ್ರ ಬರುತ್ತಿರಲಿಲ್ಲ. ಮತ್ತೆ ಫೋನ್ ಮಾಡಿದರೆ ಹೊಸ ದೂರು ಸಂಖ್ಯೆ, ಮೊದಲಿಂದ ಅದೇ ಹರಿಕಥೆ: ರೂಟರ್ ಆಫ್ ಮಾಡಿ ಆನ್ ಮಾಡಿ.

ರಿಪೇರಿ ವಿಷಯದಲ್ಲಿ ನಮಗೆ ಗೊತ್ತಿರಬೇಕಾದ ಒಂದು ಅಂಕಿ ಇದೆ. ಫೈಬರ್ ಡಬ್ಬದ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ ಇರುತ್ತದೆ, ಅಂದರೆ ಮನೆಗೆ ಬಂದು ಸೇರುವ ಬೆಳಕಿನ ಬಲ, ಡಿಬಿಎಂ ಎಂಬ ಡೆಸಿಬೆಲ್ ಲೆಕ್ಕದಲ್ಲಿ. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಮೈನಸ್ 20ರ ಆಸುಪಾಸು ಇದ್ದರೆ ನೆಮ್ಮದಿ. ಮೈನಸ್ 27 ಅಂದರೆ ಸಾಮಾನ್ಯ ಡಬ್ಬಗಳಿಗೆ ಅಂಚು. 3 ಡೆಸಿಬೆಲ್ ಇಳಿದರೆ ಬೆಳಕು ಅರ್ಧ ಆಯಿತು ಅಂತ. 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17 ಡೆಸಿಬೆಲ್ ತಿನ್ನುತ್ತದೆ, ಆದ್ದರಿಂದ ಮಿಕ್ಕ ಕಡೆ ದುಂದು ಮಾಡುವ ಹಾಗಿಲ್ಲ. ಮೆಷಿನ್‌ನಲ್ಲಿ ಸರಿಯಾಗಿ ಬೆಸೆದ ಜಾಯಿಂಟ್ 0.1 ಡೆಸಿಬೆಲ್ ಕೂಡ ತಿನ್ನಲ್ಲ. ಕೊಳಕು ಕನೆಕ್ಟರ್, ಬೀರು ಹಿಂದೆ ಮಡಚಿ ತುರುಕಿದ ವೈರು ಸುಲಭವಾಗಿ ಅದರ ಹತ್ತಾರು ಪಟ್ಟು ತಿನ್ನುತ್ತವೆ. ಎಳೆ ಚೂಪಾಗಿ ತಿರುಗಿದ ಕಡೆ ಬೆಳಕು ಸೋರಿಹೋಗುತ್ತದೆ.

ಹೊಸದಾಗಿ ಹಾಕಿದ ದಿನವೇ ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಮೈನಸ್ 21 ಇದ್ದದ್ದು ಒಂದು ಮಳೆಗಾಲ ಮುಗಿಯುವಾಗ ಮೈನಸ್ 26ಕ್ಕೆ ಬಂದಿತ್ತು. ನೆಟ್ ಪೂರ್ತಿ ಹೋಗಿರಲಿಲ್ಲ, ಆಗಾಗ ಬಿಟ್ಟು ಬಿಟ್ಟು ಬರುತ್ತಿತ್ತು. "ನೆಟ್ ಸರಿ ಇಲ್ಲ" ಅಂತ ಹೇಳುವ ಬದಲು "ಪವರ್ ಮೈನಸ್ 26 ತೋರಿಸ್ತಿದೆ" ಅಂದೆ. ಲೈನ್‌ಮ್ಯಾನ್ ಸೀದಾ ಕಂಬದ ಮೇಲಿನ ಪೆಟ್ಟಿಗೆಗೇ ಹೋದ. ಮುಚ್ಚಳ ಸಡಿಲವಾಗಿ ಒಳಗೆ ನೀರು ಹೋಗಿತ್ತು. ಬಿಚ್ಚಿ ಒರೆಸಿ ಹೊಸದಾಗಿ ಬೆಸೆದ, ಕೆಲಸ ಮುಗಿಯಿತು. ಡಬ್ಬದಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಆಗ ಆಫ್ ಆನ್ ಮಾಡುವುದರಲ್ಲಿ ಹುರುಳಿಲ್ಲ, ನೇರ ಫೋನ್ ಮಾಡಿ. ಅಂದಹಾಗೆ, ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣಲ್ಲ. ಕಾಣಲ್ಲ ಅಂದ ಮಾತ್ರಕ್ಕೆ ಕಣ್ಣಿಗೆ ಅಪಾಯ ಇಲ್ಲ ಅಂತಲ್ಲ.

ಫೈಬರ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಕರೆಂಟ್ ಹೋದಾಗಿನ ನಡವಳಿಕೆ. ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಹಾಗಾಗಿ ಮನೆಯ ಡಬ್ಬಕ್ಕೊಂದು ಚಿಕ್ಕ ಯುಪಿಎಸ್ ಇಟ್ಟು, ಆಪರೇಟರ್ ಆಫೀಸಿನಲ್ಲಿ ಬ್ಯಾಟರಿ ಇದ್ದರೆ ಇಡೀ ಊರು ಕತ್ತಲಾದರೂ ನೆಟ್ ಓಡುತ್ತದೆ. ಹಳೇ ಟಿವಿ ಕೇಬಲ್ ಮೇಲೆ ಬರುವ ಇಂಟರ್ನೆಟ್‌ಗೆ ದಾರಿಯುದ್ದಕ್ಕೂ ಆಂಪ್ಲಿಫೈಯರ್ ಬೇಕು, ಅವುಗಳಿಗೆ ಕರೆಂಟ್ ಬೇಕು. ಹಾಗಾಗಿ ಹೊಸ ಕನೆಕ್ಷನ್ ತಗೊಳ್ಳುವ ಮೊದಲು "ನಿಮ್ಮ ಆಫೀಸಿನಲ್ಲಿ ಬ್ಯಾಕಪ್ ಎಷ್ಟು ಗಂಟೆ ಬರುತ್ತದೆ?" ಅಂತ ಕೇಳಿಬಿಡಿ. ಉತ್ತರ ಕೊಡಲು ತಡವರಿಸಿದರೆ ಅದೇ ಉತ್ತರ.

ಪ್ಲಾನ್ ವಿಷಯ ಚುಟುಕಾಗಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್, ನೂರಲ್ಲ. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ನಾಲ್ಕೈದು ಜನರ ಮನೆಗೆ 100 ಧಾರಾಳ. ಅದಕ್ಕಿಂತ ದೊಡ್ಡ ಪ್ಲಾನ್‌ಗೆ ಸುಮ್ನೆ ದುಡ್ಡು ಹಾಕೋದಕ್ಕಿಂತ ಅಪ್‌ಲೋಡ್ ಎಷ್ಟು ಅಂತ ವಿಚಾರಿಸಿ. ಯಾರದೋ ಫೋನಿನ ಫೋಟೋಗಳೆಲ್ಲ ಬ್ಯಾಕಪ್‌ಗೆ ಹೊರಟಾಗ ನಿಮ್ಮ ವಿಡಿಯೋ ಕಾಲ್ ಒದ್ದಾಡುವುದು ಅಪ್‌ಲೋಡ್ ತುಂಬಿಹೋಗಿ.

ಇನ್ನು ಕಳೆದ ಆ ಒಂದು ಅಂಕ. ಮೊದಲನೇ ಕಾರಣ, ಸ್ವಂತ ಐಪಿ, ಅಂದರೆ ಇಂಟರ್ನೆಟ್‌ನಲ್ಲಿ ನಮ್ಮ ಮನೆಗೇ ಅಂತ ಇರುವ ವಿಳಾಸ, ಕೊಡಲ್ಲ. ರೂಟರ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದೇ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿವೆ. 2012ರಲ್ಲಿ ಈ ಬಳಕೆಗೆಂದೇ ಆ ವಿಳಾಸಗಳನ್ನು ಮೀಸಲಿಟ್ಟರು. ಬ್ರೌಸಿಂಗ್, ವಿಡಿಯೋಗೆ ತೊಂದರೆ ಇಲ್ಲ. ಮನೆಯ ಕ್ಯಾಮೆರಾವನ್ನು ಹೊರಗಿಂದ ನೇರವಾಗಿ ನೋಡಬೇಕು, ಮನೆಯಲ್ಲೇ ಸರ್ವರ್ ಇಡಬೇಕು ಅನ್ನುವವರಿಗೆ ಕಿರಿಕಿರಿ. ಪ್ರತಿ ಮನೆಗೂ ಸ್ವಂತ ವಿಳಾಸ ಕೊಡುವಷ್ಟು ದೊಡ್ಡದಾದ ಹೊಸ ವಿಳಾಸ ಪದ್ಧತಿ ಐಪಿವಿ6 ಕೊಟ್ಟಿದ್ದರೆ ಅರ್ಧ ತಲೆನೋವು ಇಳಿಯುತ್ತಿತ್ತು, ಅದೂ ಇಲ್ಲ. ಎರಡನೆಯದು, ಎಲ್ಲವೂ ಒಬ್ಬಿಬ್ಬರ ಮೇಲೆ ನಿಂತಿದೆ. ಆ ಲೈನ್‌ಮ್ಯಾನ್ ರಜೆ ಹಾಕಿದರೆ ಊರಿಗೇ ರಜೆ. ಬಿಲ್ಲು ಕೇಳಿದರೆ ಮಾತ್ರ ಬರುತ್ತದೆ. ನೆಟ್ ಇಲ್ಲದ ದಿನಗಳ ದುಡ್ಡು ವಾಪಸ್ ಅನ್ನೋ ಮಾತಿಗೆ ನಗುತ್ತಾರೆ.

ಮೂರನೆಯದು ದೊಡ್ಡದು. ಊರಿಂದ ಆಚೆಗೆ ಇರುವುದು ಒಂದೇ ದಾರಿ. ರಸ್ತೆ ಅಗೆಯುವ ಯಂತ್ರ ಎಲ್ಲೋ ಒಂದು ಕಡೆ ಕೇಬಲ್ ಎಳೆದರೆ ಊರಿಗೂರೇ ಕಡಿದುಹೋಗುತ್ತದೆ. ಮನೆಯಿಂದ ಕೆಲಸ ಮಾಡುವವರು, ಒಂದು ಮೀಟಿಂಗ್ ತಪ್ಪಿದರೆ ತೊಂದರೆ ಅನ್ನುವವರು ಇದೊಂದನ್ನೇ ನಂಬಬೇಡಿ. ಜೊತೆಗೆ ಮೊಬೈಲ್ ಡಬ್ಬ ಇರಲಿ. ಯಾವ ಕಂಪನಿಯ ಸಿಮ್ ಅನ್ನೋದನ್ನು ಮಾತ್ರ ನೋಡಿ ಆರಿಸಿ. ಟವರ್‌ಗೂ ಡೇಟಾ ಬರುವುದು ಯಾವುದೋ ಫೈಬರ್ ಮೇಲೆಯೇ, ಅದು ಎಷ್ಟೋ ಸಲ ಅದೇ ರಸ್ತೆ ಬದಿಯ ಅದೇ ಕಾಲುವೆಯಲ್ಲಿ ಇರುತ್ತದೆ. ಮುಂದಿನ ಸಲ ಫೈಬರ್ ಕಡಿದಾಗ ಅಕ್ಕಪಕ್ಕದವರ ಫೋನ್‌ಗಳನ್ನು ಕೇಳಿ ನೋಡಿ. ಯಾವ ಸಿಮ್‌ನಲ್ಲಿ ಆಗಲೂ ಡೇಟಾ ಓಡುತ್ತಿದೆಯೋ ಬ್ಯಾಕಪ್‌ಗೆ ಅದನ್ನೇ ತಗೊಳ್ಳಿ.