ಮುಚ್ಚಳದ ಮೇಲಿನ 87 ನಂಬಿ ನಾನು ಕೆಟ್ಟೆ

ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಮೋಟಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡಿರುವವರು, ತಗೋಬೇಕು ಅಂತ ಓಡಾಡುತ್ತಿರುವವರು ಇದನ್ನು ಓದಿ. ನಾನು 78 ಸಾವಿರ ರೂಪಾಯಿ ಕೊಟ್ಟು ಕಲಿತ ಪಾಠ ನಿಮಗೆ ಪುಕ್ಕಟೆ ಸಿಗಲಿ.

ನಾನು ಅಂಕೋಲಾ ಕಡೆಯವನು. ಕೆಲಸ ಗೋವಾದ ವಾಸ್ಕೋದಲ್ಲಿ. ಭಾನುವಾರ ಬಂತೆಂದರೆ ಗಾಳ ಹಿಡಿದು ಹೊರಡುವ ಚಟ. 2021ರ ಕೊನೆಗೆ ಹದಿನಾರು ಅಡಿಯ ಫೈಬರ್ ದೋಣಿ, ಅದರ ಜೊತೆ 30 ಎಚ್‌ಪಿಯ ಫೋರ್ ಸ್ಟ್ರೋಕ್ ಮೋಟಾರು ಕೊಂಡೆ. ಮೋಟಾರು ಹೊರದೇಶದಿಂದ ಬಂದದ್ದು. ಬುಕ್ ಇರಲಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಹತ್ತಿರ ಒಂದು ಸ್ಟಿಕ್ಕರ್ ಮಾತ್ರ ಇತ್ತು: ಕನಿಷ್ಠ 87 ಆಕ್ಟೇನ್.

ನನ್ನ ಲೆಕ್ಕ ಸುಲಭವಾಗಿತ್ತು. ಆಗ ನಮ್ಮ ಬಂಕಿನ ಸಾದಾ ಪೆಟ್ರೋಲ್ 91 ಆಕ್ಟೇನ್. ಮೋಟಾರು ಕೇಳುವುದು 87. ಅಂದರೆ ನಾಲ್ಕು ಪಾಯಿಂಟ್ ಕೈಯಲ್ಲೇ ಉಳಿಯಿತು, ಅಲ್ವಾ? ಸ್ವಲ್ಪ ಕಳಪೆ ಪೆಟ್ರೋಲ್ ಬಿದ್ದರೂ ನಡೆಯುತ್ತೆ ಅಂದುಕೊಂಡೆ.

ಈ ತಲೆಹರಟೆ ಲೆಕ್ಕ ಇಟ್ಟುಕೊಂಡು ಒಂದು ಭಾನುವಾರ ಜೆಟ್ಟಿಗೆ ಹೋದೆ. ಬಂಕಿಗೆ ಹೋಗಿ ಕ್ಯಾನ್ ತುಂಬಿಸಿಕೊಂಡು ಬರಲು ಸೋಮಾರಿತನ. ಅಲ್ಲಿ ಒಬ್ಬನ ಹತ್ತಿರ ಡ್ರಮ್ಮಿನಲ್ಲಿ ಪೆಟ್ರೋಲ್ ಇತ್ತು. ಹಳೆಯ ಟೂ ಸ್ಟ್ರೋಕ್ ಮೋಟಾರಿನವರಿಗೆ ಅಂತ ಇಟ್ಟದ್ದು. "ಸ್ವಲ್ಪ ಸೀಮೆಎಣ್ಣೆ ಸೇರಿದೆ, ಏನೂ ಆಗಲ್ಲ" ಅಂತ ಅವನೇ ಬಾಯಿಬಿಟ್ಟು ಹೇಳಿದ. ಅವನನ್ನು ಬೈಯುವ ಹಾಗೂ ಇಲ್ಲ. ಚಿಕ್ಕಂದಿನಿಂದ ನಮ್ಮೂರ ದೋಣಿಗಳನ್ನು ನೋಡಿದವನು ನಾನು. ಓಬಿಎಂ, ಅಂದರೆ ಔಟ್‌ಬೋರ್ಡ್ ಮೋಟಾರನ್ನು, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರು. ಅವು ಓಡಿದರೆ ನನ್ನದೂ ಓಡುತ್ತೆ ಅಂತ 25 ಲೀಟರ್ ಹಾಕಿಸಿದೆ. ಆ ಮೋಟಾರುಗಳನ್ನು ಸೀಮೆಎಣ್ಣೆಗೆಂದೇ ಕಡಿಮೆ ಕಂಪ್ರೆಷನ್ ಇಟ್ಟು ಮಾಡಿರುತ್ತಾರೆ ಅನ್ನುವುದು ಆಮೇಲೆ ಗೊತ್ತಾಯಿತು.

ಅಂಥ ಪೆಟ್ರೋಲಿನಲ್ಲೇ ಮೂರು ವಾರ ಓಡಿಸಿದೆ. 2022ರ ಜನವರಿ. ಚಿಕಾಲಿಂನಿಂದ ಜುವಾರಿ ನದಿ ಇಳಿದು, ಮರ್ಮಗೋವಾ ಬಂದರು ದಾಟಿ, ಗ್ರಾಂಡ್ ಐಲ್ಯಾಂಡ್ ಹತ್ತಿರ ಹೋಗಿದ್ದೆವು. ಜೊತೆಗೆ ಅಕ್ಕನ ಮಗ. ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಬೇಗ ಮನೆ ಸೇರೋಣ ಅಂತ ಪೂರ್ತಿ ಥ್ರಾಟಲ್ ಕೊಟ್ಟೆ.

"ಮಾವಾ, ಎಂತದೋ ಕಟಕಟ ಅಂತದೆ" ಅಂದ ಹುಡುಗ.

"ಅಲೆ ಬಡಿಯೂದು ಮಾರಾಯ" ಅಂದೆ.

ಅಲೆ ಆಗಿರಲಿಲ್ಲ. ಬೈಕಿನಲ್ಲಾದರೆ ಆ ಸದ್ದು ಥಟ್ಟನೆ ಗೊತ್ತಾಗುತ್ತೆ, ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ. ದೋಣಿಯಲ್ಲಿ ಗಾಳಿ, ನೀರು, ಮೋಟಾರಿನ ಅರಚಾಟ ಎಲ್ಲ ಸೇರಿ ಅದನ್ನು ನುಂಗಿಬಿಡುತ್ತವೆ. ಹತ್ತು ನಿಮಿಷದಲ್ಲಿ ಮೋಟಾರಿನ ದನಿ ಒಡೆಯಿತು. ಎಕ್ಸಾಸ್ಟಿನಲ್ಲಿ ನೀಲಿ ಹೊಗೆ. ಆಮೇಲೆ ನಿಂತೇ ಹೋಯಿತು. ಆಂಕರ್ ಬಿಟ್ಟು ಮುಕ್ಕಾಲು ಗಂಟೆ ಕೂತೆವು. ಒಂದು ಮೀನಿನ ದೋಣಿಯವರು ಹಗ್ಗ ಕಟ್ಟಿ ಬೋಗ್ಮಾಲೊ ದಡಕ್ಕೆ ಎಳೆದು ತಂದರು. ದುಡ್ಡು ಕೊಡಲು ಹೋದರೆ ಬೇಡ ಅಂದರು, ನಾವು ಹಿಡಿದಿದ್ದ ಮೀನು ತಗೊಂಡು ಹೋದರು.

ಮೋಟಾರು ಬಿಚ್ಚಿದವರು ಕಾರವಾರದ ಒಬ್ಬ ಹಿರಿಯ ಮೆಕ್ಯಾನಿಕ್. ಮೊದಲು ಡಿಪ್‌ಸ್ಟಿಕ್ ಎಳೆದರು. ಆಯಿಲ್ ಇರಬೇಕಾದ್ದಕ್ಕಿಂತ ಮೇಲಿತ್ತು! ಮೂಗಿಗೆ ಹಿಡಿದು ನನ್ನ ಕಡೆ ಚಾಚಿದರು. ಸೀಮೆಎಣ್ಣೆ ವಾಸನೆ. ಸುಡದೆ ಉಳಿದದ್ದು ರಿಂಗಿನ ಸಂದಿಯಿಂದ ಇಳಿದು ಆಯಿಲಿಗೆ ಸೇರಿ, ಅದನ್ನು ನೀರಿನ ಹಾಗೆ ತೆಳ್ಳಗೆ ಮಾಡಿತ್ತು. ಆಮೇಲೆ ಮೂರನೇ ಸಿಲಿಂಡರಿನ ಪ್ಲಗ್ ತೆಗೆದು ಟಾರ್ಚ್ ಬಿಟ್ಟರು. ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು, ಹೊಳೆಯುತ್ತಿದ್ದವು.

"ತಮಾ, ಈ ಚುಕ್ಕೆ ಎಂತದು ಗೊತ್ತೆ? ನಿನ್ನ ಪಿಸ್ಟನ್ನು."

ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಚಿಮ್ಮಿ ಪ್ಲಗ್ಗಿಗೆ ಅಂಟಿತ್ತು. ರಿಂಗು ಕೂರುವ ಅಂಚು ತುಂಡಾಗಿತ್ತು.

ಆಕ್ಟೇನ್ ಅಂದರೆ ಏನು ಅಂತ ನನಗೆ ಅಂದು ಅರ್ಥವಾಯಿತು. ಅದು ಪವರಿನ ಅಳತೆ ಅಂತ ನಾವೆಲ್ಲ ತಿಳಿದುಕೊಂಡಿರುತ್ತೇವೆ. ಪೆಟ್ರೋಲ್ ಎಷ್ಟು ಒತ್ತಡ, ಬಿಸಿ ತಡೆದುಕೊಳ್ಳುತ್ತೆ ಅನ್ನುವ ಲೆಕ್ಕ ಅದು. ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಹರಡುತ್ತ ಬರಬೇಕು. ಆಕ್ಟೇನ್ ಕಡಿಮೆ ಇದ್ದರೆ ಆ ಬೆಂಕಿ ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿರುವುದು ತಾನಾಗಿಯೇ ಸಿಡಿಯುತ್ತೆ. ಹುಡುಗ ಕೇಳಿದ ಕಟಕಟ ಅದೇ. ಸೀಮೆಎಣ್ಣೆಯ ಆಕ್ಟೇನ್ ತೀರಾ ಕಡಿಮೆ. ಕಾರಾದರೆ ಇಳಿಜಾರು ಸಿಕ್ಕಾಗ ಸುಧಾರಿಸಿಕೊಳ್ಳುತ್ತೆ. ದೋಣಿಯ ಮೋಟಾರಿಗೆ ಇಳಿಜಾರು ಎಲ್ಲಿ ಬರಬೇಕು? ಐದು ಸಾವಿರ ಆರ್‌ಪಿಎಂನಲ್ಲಿ ದಿನವಿಡೀ ಘಾಟಿ ಹತ್ತಿದ ಹಾಗೆ ಅದರ ಬಾಳು. ನನ್ನ ಮೋಟಾರಿಗೆ ಆ ಸಿಡಿತ ಪತ್ತೆ ಹಚ್ಚುವ ನಾಕ್ ಸೆನ್ಸರ್ ಕೂಡ ಇರಲಿಲ್ಲ.

ಇನ್ನು ಆ 87ರ ಕಥೆ. ಅಮೆರಿಕದ ಬಂಕಿನಲ್ಲಿ ಬರೆಯುವ ನಂಬರೇ ಬೇರೆ, ನಮ್ಮ ನಂಬರೇ ಬೇರೆ. ಆಕ್ಟೇನ್ ಅಳೆಯಲು ಎರಡು ಪರೀಕ್ಷೆಗಳಿವೆ. ಒಂದು ಹಗುರದ್ದು, ಆರ್‌ಒಎನ್. ಇನ್ನೊಂದು ಕಠಿಣ, ಎಂಒಎನ್. ನಮ್ಮಲ್ಲಿ ಹೇಳುವುದು ಆರ್‌ಒಎನ್. ಅಮೆರಿಕದವರು ಎರಡನ್ನೂ ಕೂಡಿಸಿ ಅರ್ಧ ಮಾಡುತ್ತಾರೆ. 91 ಮತ್ತು 83 ಕೂಡಿಸಿ ಅರ್ಧ ಮಾಡಿದರೆ 87. ಅಂದರೆ ಅವರ 87, ನಮ್ಮ 91 ಎರಡೂ ಹೆಚ್ಚುಕಡಿಮೆ ಒಂದೇ. ನಾನು ಕೈಯಲ್ಲಿದೆ ಅಂದುಕೊಂಡ ನಾಲ್ಕು ಪಾಯಿಂಟ್ ಇರಲೇ ಇಲ್ಲ. ಆಮೇಲೆ ಸಿಕ್ಕ ಬುಕ್ಕಿನಲ್ಲಿ ಎರಡೂ ನಂಬರ್ ಪಕ್ಕಪಕ್ಕದಲ್ಲೇ ಇದ್ದವು. ಸ್ಟಿಕ್ಕರಿನಲ್ಲಿ ಒಂದೇ ಇತ್ತು. ದೊಡ್ಡ ಮೋಟಾರುಗಳಲ್ಲಿ ಕೆಲವು ಅಮೆರಿಕದ ಲೆಕ್ಕದಲ್ಲಿ 89 ಕೇಳುವವೂ ಇವೆ. ಹಾಗಾಗಿ ನಿಮ್ಮ ಮಾಡೆಲ್ಲಿನ ಬುಕ್ಕನ್ನೇ ಹುಡುಕಿ ಓದಿ, ಪಕ್ಕದ ದೋಣಿಯವನನ್ನು ಕೇಳಬೇಡಿ.

ರಿಪೇರಿ ಆದ ಮೇಲೆ ಹೆದರಿ 95ರ ಪ್ರೀಮಿಯಂ ಪೆಟ್ರೋಲೇ ಹಾಕತೊಡಗಿದೆ. ಜಾಸ್ತಿ ದುಡ್ಡು ಕೊಟ್ಟದ್ದಷ್ಟೇ ಬಂತು. ಜಿಪಿಎಸ್ ಇಟ್ಟು ನೋಡಿದೆ: ಅದೇ ದೋಣಿ, ಅದೇ ಇಬ್ಬರು, ಗಂಟೆಗೆ 41 ಕಿಲೋಮೀಟರ್. ಸಾದಾ ಪೆಟ್ರೋಲಿನಲ್ಲೂ 41. ಮೆಕ್ಯಾನಿಕ್ ನಕ್ಕು, "ಆ ದುಡ್ಡಲ್ಲಿ ಒಳ್ಳೆ ಫಿಲ್ಟರ್ ಹಾಕಿಸು" ಅಂದರು.

ಅವರು ಹೇಳಿದ್ದು ಸರಿಯಾಗಿತ್ತು. ಈಗ ಬಂಕಿನಲ್ಲಿ ಬರುವುದು ಇ20, ಅಂದರೆ 20 ಪರ್ಸೆಂಟ್ ಎಥೆನಾಲ್. ಆಕ್ಟೇನ್ 95ಕ್ಕೆ ಏರಿದೆ, ಆ ಚಿಂತೆ ಇಲ್ಲ. ಆದರೆ ನನ್ನ ಮೋಟಾರಿನ ಬುಕ್ 10 ಪರ್ಸೆಂಟ್ ಎಥೆನಾಲ್‌ಗಿಂತ ಜಾಸ್ತಿ ಬೇಡ ಅನ್ನುತ್ತೆ. ಹಳೆಯ ಔಟ್‌ಬೋರ್ಡ್ ಇರುವ ಬಹಳ ಜನರ ಪಾಡು ಇದೇ. ಎಥೆನಾಲ್ ಗಾಳಿಯ ತೇವ ಹೀರುತ್ತೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತೆ. ಒಂದು ಸಲ ಜೂನ್ 1ಕ್ಕೆ ದೋಣಿ ಮೇಲೆತ್ತುವಾಗ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟಿದ್ದೆ. ಗಾಳಿಕಿಂಡಿ ಮುಚ್ಚಿರಲಿಲ್ಲ. ಮೀನುಗಾರಿಕೆ ನಿಷೇಧದ 61 ದಿನ ಮುಗಿದು ಆಗಸ್ಟಿನಲ್ಲಿ ಅದನ್ನು ಉಪ್ಪಿನಕಾಯಿ ಬಾಟಲಿಗೆ ಬಸಿದರೆ ಎರಡು ಪದರ. ಕೆಳಗೆ ಮಸುಕು ನೀರು, ಮೇಲೆ ಪೆಟ್ರೋಲ್. ನೀರು ಸೇರಿ ಪದರ ಒಡೆದಾಗ ಎಥೆನಾಲ್ ನೀರಿನ ಜೊತೆ ತಳಕ್ಕೆ ಇಳಿಯುತ್ತೆ. ಆಕ್ಟೇನ್ ಏರಿಸಿದ್ದೇ ಆ ಎಥೆನಾಲ್. ಅದು ಹೋದ ಮೇಲೆ ಮೇಲಿನ ಪೆಟ್ರೋಲಿನ ಆಕ್ಟೇನ್ ಬಿದ್ದುಹೋಗಿರುತ್ತೆ. ನೀರು ಬಸಿದು ಮೇಲಿನದ್ದನ್ನು ಓಡಿಸೋಣ ಅಂದುಕೊಂಡಿರೋ, ಮತ್ತೆ ನನ್ನ ಜನವರಿಯ ಕಥೆಯೇ.

ಈಗ ಆ ದಿನಕ್ಕೆ ಬೇಕಾದಷ್ಟೇ, ವ್ಯಾಪಾರ ಜೋರಾಗಿರುವ ಬಂಕಿನಿಂದ ತರುತ್ತೇನೆ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿದ್ದೇನೆ, ಪೈಪು ಬದಲಿಸಿದ್ದೇನೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಪೂರ್ತಿ ಖಾಲಿ.

ಅನುಮಾನ ಬಂದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಒಳ್ಳೆ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತೆ, ಸೀಮೆಎಣ್ಣೆ ಇದ್ದರೆ ಎಣ್ಣೆಯ ಕಲೆ ನಿಲ್ಲುತ್ತೆ. ಮೊನ್ನೆ ಜೆಟ್ಟಿಯಲ್ಲಿ ಒಬ್ಬ ಹುಡುಗ ಹೊಸ ಫೋರ್ ಸ್ಟ್ರೋಕ್ ಮೋಟಾರು ತಂದು ಅದೇ ಡ್ರಮ್ಮಿನ ಮುಂದೆ ನಿಂತಿದ್ದ. ಜೇಬಿನಲ್ಲಿದ್ದ ಬಿಲ್ಲಿನ ಹಿಂದೆ ಒಂದು ಹನಿ ಹಾಕಿ ಅವನ ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು ಐದು ನಿಮಿಷ ಕಾದ. ಕಲೆ ಹೋಗಲಿಲ್ಲ. ಖಾಲಿ ಕ್ಯಾನ್ ಎತ್ತಿಕೊಂಡು, "ಅಣ್ಣ, ಬಂಕ್‌ವರೆಗೆ ಬೈಕಲ್ಲಿ ಬಿಡ್ತೀರಾ?" ಅಂದ.