ಒಂದು ಲೀಟರಿನ ಸ್ಟೀಲ್ ಬಾಟಲಿ: ಏಳು ವರ್ಷಗಳ ಪ್ರಯಾಣದ ಬಳಿಕ

2018ರ ಜೂನ್ ತಿಂಗಳಿನಲ್ಲಿ 420 ರೂಪಾಯಿ ಕೊಟ್ಟು ಕೊಂಡ, ಒಂದೇ ಪದರದ, ಒಂದು ಲೀಟರ್ ಹಿಡಿಯುವ ಸ್ಟೀಲ್ ಬಾಟಲಿಯನ್ನು ನಾನು ಇಂದಿಗೂ ಬಳಸುತ್ತಿದ್ದೇನೆ. ಕೊಂಡ ಹದಿನೈದು ದಿನಗಳಲ್ಲಿ ಬರೆಯುವ ವಿಮರ್ಶೆಯಲ್ಲಿ ಬಾಟಲಿಯ ಹೊಳಪು ಮತ್ತು ಮುಚ್ಚಳದ ಬಿಗಿಯ ಬಗ್ಗೆ ಮಾತ್ರ ಹೇಳಲು ಸಾಧ್ಯ. ಪ್ರಯಾಣದಲ್ಲಿ ಅದು ನಿಜವಾಗಿ ಹಣ ಉಳಿಸುತ್ತದೆಯೇ, ಪ್ಲಾಸ್ಟಿಕ್ ಬಾಟಲಿ ಕೊಳ್ಳುವುದನ್ನು ತಪ್ಪಿಸುತ್ತದೆಯೇ ಎಂಬುದು ತಿಳಿಯಬೇಕಾದರೆ ಹಲವು ಬೇಸಿಗೆಗಳು ಕಳೆಯಬೇಕು. ಸಹಕಾರ ಸಂಘಗಳ ಲೆಕ್ಕಪರಿಶೋಧನೆ ನನ್ನ ಉದ್ಯೋಗವಾದ್ದರಿಂದ ತಿಂಗಳಿಗೆ ಸರಾಸರಿ ಎಂಟು ದಿನ ಬೆಂಗಳೂರಿನಿಂದ ಹೊರಗಿರುತ್ತೇನೆ. ಕೋಲಾರ, ಪಾವಗಡ, ರಾಯಚೂರು, ಶಿವಮೊಗ್ಗ, ಕರಾವಳಿ, ಹೀಗೆ ಗಾಳಿಯೂ ನೀರೂ ಒಂದರಂತೆ ಒಂದಿಲ್ಲದ ಊರುಗಳಿಗೆ ಹೆಚ್ಚಾಗಿ ಬಸ್ಸಿನಲ್ಲಿ, ಕೆಲವೊಮ್ಮೆ ರೈಲಿನಲ್ಲಿ ಹೋಗುತ್ತೇನೆ. ಈ ಬಾಟಲಿ ಅಲ್ಲೆಲ್ಲ ನನ್ನೊಡನೆ ಬಂದಿದೆ.

ಮೊದಲು ಹಣದ ವಿಷಯ. ಬಾಟಲಿ ಕೊಳ್ಳುವ ಮುನ್ನ ಹೊರಗಿದ್ದ ದಿನಗಳಲ್ಲಿ ನಾನು ದಿನಕ್ಕೆ ಎರಡು ಲೀಟರ್ ನೀರನ್ನು ಅಂಗಡಿಯಿಂದ ಕೊಳ್ಳುತ್ತಿದ್ದೆ; ಲೀಟರಿಗೆ 20 ರೂಪಾಯಿಯಂತೆ ದಿನಕ್ಕೆ 40 ರೂಪಾಯಿ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಉಳಿದ ತಿಂಗಳುಗಳನ್ನು ಬಿಟ್ಟರೆ ಈವರೆಗೆ ಸುಮಾರು 75 ತಿಂಗಳು, ಅಂದರೆ 600 ದಿನ ಪ್ರಯಾಣ ಮಾಡಿದ್ದೇನೆ. ಹಳೆಯ ಅಭ್ಯಾಸ ಮುಂದುವರಿದಿದ್ದರೆ 1,200 ಪ್ಲಾಸ್ಟಿಕ್ ಬಾಟಲಿಗಳಿಗೆ 24,000 ರೂಪಾಯಿ ತೆರಬೇಕಿತ್ತು. ಖರ್ಚಿನ ಪುಸ್ತಕವನ್ನು ನೋಡಿದರೆ ಇಷ್ಟು ವರ್ಷಗಳಲ್ಲಿ ನಾನು ಕೊಂಡಿರುವ ಪ್ಲಾಸ್ಟಿಕ್ ಬಾಟಲಿಗಳು 130ರ ಆಸುಪಾಸಿನಲ್ಲಿವೆ. ಸೊನ್ನೆಯಾಗಿಲ್ಲ. ರಾತ್ರಿ ಹನ್ನೊಂದರ ನಂತರ ಬಸ್ ನಿಲ್ದಾಣದಲ್ಲಿ ಇಳಿದಾಗ, ನೀರಿನ ಮೂಲದ ಬಗ್ಗೆ ಅನುಮಾನ ಬಂದಾಗ ಕೊಳ್ಳಲೇಬೇಕಾಯಿತು, ಕೊಂಡೆ. ರೈಲು ನಿಲ್ದಾಣದ ರೈಲ್ ನೀರ್ ಲೀಟರಿಗೆ 15 ರೂಪಾಯಿ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 14 ರೂಪಾಯಿಗೆ ಇಳಿದಿದೆ; ಅದರ ಮುಂದೆಯೂ ತುಂಬಿಸಿಕೊಂಡ ನೀರು ಬಹಳ ಅಗ್ಗವೇ.

ಆದರೆ ಈ ಉಳಿತಾಯದಲ್ಲಿ ಬಾಟಲಿಯ ಪಾಲು ಸಣ್ಣದು. ಎಲ್ಲಿ ತುಂಬಿಸಬೇಕು, ಎಲ್ಲಿ ತುಂಬಿಸಬಾರದು ಎಂಬುದನ್ನು ಕಲಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು. ಆ ತಿಳಿವಳಿಕೆ ಬರುವವರೆಗೆ ಸ್ಟೀಲ್ ಬಾಟಲಿ ಖಾಲಿಯಾಗಿ ಚೀಲದಲ್ಲಿ ಮಲಗಿರುತ್ತಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿಯೇ ಇರುತ್ತಿತ್ತು. ಆದ್ದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗವನ್ನು ನೀರಿಗೇ ಮೀಸಲಿಡುತ್ತಿದ್ದೇನೆ.

ಬೆಂಗಳೂರಿನಿಂದ ಹೊರಡುವಾಗ ಮನೆಯಲ್ಲಿ ಕುದಿಸಿ ಆರಿಸಿದ ಕಾವೇರಿ ನೀರನ್ನೇ ತುಂಬಿಕೊಳ್ಳುತ್ತೇನೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಅಷ್ಟು ದೂರದಿಂದ ಮೇಲಕ್ಕೆ ಪಂಪು ಮಾಡಿ ತಂದ ನೀರನ್ನು ಬಿಟ್ಟು ಮೆಜೆಸ್ಟಿಕ್‌ನಲ್ಲಿ ದುಡ್ಡು ಕೊಟ್ಟು ಬೇರೆ ನೀರು ಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ನೀರು ಒಂದು ನಿಮಿಷ ಚೆನ್ನಾಗಿ ಮರಳಿದರೆ ರೋಗಾಣುಗಳು ಸಾಯಲು ಸಾಕು. ಹತ್ತು ನಿಮಿಷ ಗ್ಯಾಸ್ ಉರಿಸುವ ಅಗತ್ಯವಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಗೆ ಹೋದಾಗ ಈ ಲೆಕ್ಕ ಬದಲಾಗುತ್ತದೆ. ಅಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ನಿಗದಿಪಡಿಸಿರುವ ಮಟ್ಟ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಆದ್ದರಿಂದ ಅಲ್ಲಿ ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕವೇ ನನಗೆ ಆಧಾರ. ಅಲ್ಲಿ ಫ್ಲೋರೈಡನ್ನೂ ಸೋಸಿ ತೆಗೆಯುವ ಆರ್‌ಒ ಯಂತ್ರವು ಒಳಬಂದ ನೀರಿನ ದೊಡ್ಡ ಪಾಲನ್ನು ತ್ಯಾಜ್ಯವೆಂದು ಹೊರಗೆ ಬಿಡುತ್ತದೆ ಎಂಬ ಕೊರಗು ನನಗಿದೆ. ಆದರೂ ಹಲ್ಲು, ಮೂಳೆಗಳನ್ನು ಹಾಳುಮಾಡುವ ನೀರು ಇರುವ ಊರಿನಲ್ಲಿ ಅದನ್ನು ಬಳಸುವುದು ಸರಿ. ನೀರು ಚೆನ್ನಾಗಿರುವ ಊರಿನಲ್ಲಿ ಬಳಸುವುದು ವ್ಯರ್ಥ.

ಈ ಘಟಕಗಳಲ್ಲಿ ಲೀಟರ್ ಬಾಟಲಿಯವರಿಗೆ ಒಂದು ತೊಡಕಿದೆ. ಅವುಗಳನ್ನು ಕ್ಯಾನ್ ತುಂಬಿಸುವವರಿಗಾಗಿ ಮಾಡಲಾಗಿದೆ. ನಾಣ್ಯ ಹಾಕಿದೊಡನೆ ಹತ್ತು ಅಥವಾ ಇಪ್ಪತ್ತು ಲೀಟರ್ ನೀರು ಒಂದೇ ಸಮನೆ ಬರುತ್ತದೆ. ಬಹಳ ಕಡೆ ನಡುವೆ ನಿಲ್ಲಿಸುವ ಗುಂಡಿಯೇ ಇರುವುದಿಲ್ಲ. ಮೊದಲ ಬಾರಿ 5 ರೂಪಾಯಿ ನಾಣ್ಯ ಹಾಕಿ ನನ್ನ ಬಾಟಲಿ ತುಂಬಿದ ಮೇಲೆ ಉಳಿದ ನೀರು ಮೋರಿಗೆ ಹರಿಯುವುದನ್ನು ನೋಡಿ ಬಹಳ ಸಂಕಟವಾಯಿತು. ಈಗ ಕ್ಯಾನ್ ಹಿಡಿದು ಬಂದವರ ಹಿಂದೆ ನಿಂತು, ಅವರ ಕ್ಯಾನ್ ತುಂಬುವ ಮುನ್ನ ನನ್ನ ಬಾಟಲಿಯನ್ನು ಒಡ್ಡಲು ಕೇಳಿಕೊಳ್ಳುತ್ತೇನೆ. ನಾಣ್ಯ ನಾನು ಹಾಕುತ್ತೇನೆ ಎಂದರೂ ಬಹಳ ಮಂದಿ ಒಪ್ಪುವುದಿಲ್ಲ. ಇಷ್ಟು ವರ್ಷಗಳಲ್ಲಿ ನೀರು ತುಂಬಿಸಲು ನಾನು ಖರ್ಚು ಮಾಡಿದ್ದು ಒಟ್ಟು 700 ರೂಪಾಯಿಯನ್ನು ದಾಟಿಲ್ಲ.

ಮಲೆನಾಡಿನಲ್ಲಿ ಈ ಯಾವ ತೊಂದರೆಯೂ ಇಲ್ಲ. ಊಟ ಮಾಡಿದ ಹೋಟೆಲಿನಲ್ಲಿ ಬಿಸಿನೀರು ಕೇಳಿದರೆ ಬಾಟಲಿ ತುಂಬಿಸಿಕೊಡುತ್ತಾರೆ. ಒಂದೇ ಪದರದ ಬಾಟಲಿಗೆ ಮರಳುವ ನೀರನ್ನು ಹಾಕಿದರೆ ಅರ್ಧ ಗಂಟೆ ಮುಟ್ಟಲಾಗುವುದಿಲ್ಲ. ಜೊತೆಗೆ, ಬಿಸಿ ಇರುವಾಗಲೇ ಮುಚ್ಚಳ ಬಿಗಿದರೆ ಆರಿದ ಮೇಲೆ ಒಳಗೆ ಒತ್ತಡ ತಗ್ಗಿ ಮುಚ್ಚಳ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಸಡಿಲವಾಗಿಯೇ ಬಿಡಬೇಕು.

ರಾಯಚೂರಿನ ಬೇಸಿಗೆಯನ್ನು ಬೇರೆಯಾಗಿಯೇ ಹೇಳಬೇಕು. ಅಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಬಸ್ಸಿನ ಕಿಟಕಿಯ ಬಳಿ ಇಟ್ಟ ಬಾಟಲಿಯ ನೀರು ಸ್ನಾನದ ನೀರಿನಷ್ಟು ಬೆಚ್ಚಗಾಗುತ್ತದೆ. ಎರಡು ಪದರದ ಬಾಟಲಿ ಕೊಳ್ಳಬೇಕಿತ್ತು ಎಂದು ಆಗ ಅನ್ನಿಸಿದ್ದುಂಟು. ಆದರೆ ನನ್ನ ಬಾಟಲಿ ಖಾಲಿಯಿದ್ದಾಗ 215 ಗ್ರಾಂ ತೂಗುತ್ತದೆ. ಅಷ್ಟೇ ನೀರು ಹಿಡಿಯುವ ಎರಡು ಪದರದ್ದು ಹೆಚ್ಚುಕಡಿಮೆ ಅದರ ಇಮ್ಮಡಿ ಭಾರ. ಲೆಕ್ಕದ ಪುಸ್ತಕಗಳನ್ನೂ ಹೊತ್ತು ನಡೆಯುವ ನನ್ನ ಭುಜಕ್ಕೆ ಆ ವ್ಯತ್ಯಾಸ ದೊಡ್ಡದು. ಇದಕ್ಕೆ ನನಗೆ ದೊರೆತ ಪರಿಹಾರ ಹಳೆಯದೇ: ಹತ್ತಿಯ ಟವೆಲನ್ನು ನೆನೆಸಿ ಹಿಂಡಿ ಬಾಟಲಿಗೆ ಸುತ್ತಿ, ಬಿಸಿಲು ಬೀಳದ ಕಡೆ, ಗಾಳಿ ತಾಗುವಂತೆ ಇಡುವುದು. ಬಟ್ಟೆಯ ನೀರು ಆವಿಯಾಗುವಾಗ ಬಾಟಲಿಯಿಂದ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿ ತಂಪಾಗುವುದೂ ಹೀಗೆಯೇ. ಸ್ಟೀಲಿನ ಗೋಡೆ ತೆಳುವಾದಷ್ಟೂ ಒಳಗಿನ ನೀರು ಬೇಗ ತಣಿಯುತ್ತದೆ, ಆದ್ದರಿಂದ ಇಲ್ಲಿ ಒಂದೇ ಪದರದ ಬಾಟಲಿಯೇ ಮೇಲು. ರಾಯಚೂರಿನ ಒಣ ಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರಿನಲ್ಲಿ ಪ್ರಯತ್ನಿಸಿ ಸೋತಿದ್ದೇನೆ. ಗಾಳಿಯಲ್ಲೇ ತೇವ ತುಂಬಿರುವಾಗ ಬಟ್ಟೆಯ ನೀರು ಆವಿಯಾಗುವುದಿಲ್ಲ, ಟವೆಲ್ ಸುಮ್ಮನೆ ಒದ್ದೆಯಾಗಿರುತ್ತದೆ.

ರಾಯಚೂರಿನ ಕಡೆಯ ಊರುಗಳಲ್ಲಿ ಬೇಸಿಗೆ ಬಂದೊಡನೆ ಬಸ್ ನಿಲ್ದಾಣದ ಬಳಿ, ಅಂಗಡಿಗಳ ಮುಂದೆ ಅರವಟ್ಟಿಗೆಗಳನ್ನು ತೆರೆಯುತ್ತಾರೆ. ದಾರಿಹೋಕರಿಗೆ ನೀರಿಡುವ ಈ ಧರ್ಮ ನಮ್ಮ ಹಳೆಯ ಶಾಸನಗಳಲ್ಲೂ ಇದೇ ಹೆಸರಿನಿಂದ ದಾಖಲಾಗಿದೆ. ಒದ್ದೆ ಬಟ್ಟೆ ಸುತ್ತಿದ ಮಡಕೆಗಳಿಂದ ಒಂದು ಲೋಟ ಕುಡಿಯಲು ನನಗೆ ಸಂಕೋಚವಿರಲಿಲ್ಲ, ಬಾಟಲಿ ತುಂಬಿಸಲು ಇತ್ತು. ನಾನು ಬಾಟಲಿಯನ್ನು ಚೀಲದೊಳಗೆ ತಳ್ಳುತ್ತಿದ್ದುದನ್ನು ಕಂಡ ಹಿರಿಯರೊಬ್ಬರು, "ತುಂಬ್ಕೊಳ್ರಿ ಅಕ್ಕಾರ, ಕುಡ್ಯಾಕಂತನ ಇಟ್ಟೀವ್ರಿ" ಎಂದು ತಾವೇ ಸೌಟು ಎತ್ತಿ ಸುರಿದರು. ನೀರು ಎಲ್ಲಿಯದು ಎಂದು ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಘಟಕದಿಂದ ತಂದಿದ್ದೋ, ನಲ್ಲಿಯದೋ, ಬಾವಿಯದೋ ಎಂದು ನೇರವಾಗಿ ಹೇಳುತ್ತಾರೆ. ಅನುಮಾನವಿದ್ದಾಗ ಕ್ಲೋರಿನ್ ಮಾತ್ರೆ ಹಾಕಿ, ಚೀಟಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧ ಗಂಟೆ, ಕಾದು ಕುಡಿಯುತ್ತೇನೆ. ಫ್ಲೋರೈಡಿಗೆ ಈ ಮಾತ್ರೆಯಿಂದ ಏನೂ ಪ್ರಯೋಜನವಿಲ್ಲ ಎಂಬುದು ನೆನಪಿರಲಿ.

ಬಾಟಲಿಯ ಅಳತೆ ಸರಿಯಾಗಿ ಒಂದು ಲೀಟರ್ ಇರುವುದರ ಉಪಯೋಗ ನನಗೆ ತಿಳಿದದ್ದು ಒಂದು ಮೇ ತಿಂಗಳಿನಲ್ಲಿ, ಸಿಂಧನೂರಿನಿಂದ ರಾಯಚೂರಿಗೆ ಮರಳುವಾಗ ತಲೆ ಸುತ್ತಿ, ಕೈಕಾಲು ಸೋತು ಬಂದಾಗ. ಔಷಧ ಅಂಗಡಿಯಲ್ಲಿ ಸಿಗುವ, ದೇಹ ಕಳೆದುಕೊಂಡ ನೀರು, ಲವಣಗಳನ್ನು ತುಂಬಿಕೊಡುವ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ದೊಡ್ಡ ಪೊಟ್ಟಣದಲ್ಲಿ ಸುಮಾರು 20.5 ಗ್ರಾಂ ಪುಡಿ ಇರುತ್ತದೆ; ಅದನ್ನು ಕರಗಿಸಬೇಕಾದದ್ದು ನಿಖರವಾಗಿ ಒಂದು ಲೀಟರ್ ನೀರಿನಲ್ಲಿ. ನೀರು ಕಡಿಮೆಯಾದರೆ ಉಪ್ಪು ಮಿತಿಮೀರುತ್ತದೆ, ಹೆಚ್ಚಾದರೆ ಪ್ರಯೋಜನ ತಗ್ಗುತ್ತದೆ. ಮುಕ್ಕಾಲು ಲೀಟರಿನ ಬಾಟಲಿಯಾಗಿದ್ದರೆ ನಾನು ಆ ಬಸ್ಸಿನಲ್ಲಿ ಅಂದಾಜಿನ ಮೇಲೆ ಬೆರೆಸಬೇಕಾಗುತ್ತಿತ್ತು. ಅಂದಿನಿಂದ ಎರಡು ಪೊಟ್ಟಣಗಳು ಚೀಲದ ಜೇಬಿನಲ್ಲಿ ಇದ್ದೇ ಇರುತ್ತವೆ. ಓಆರ್‌ಎಸ್ ಎಂಬಂಥ ಹೆಸರು ಹೊತ್ತ ಸಿಹಿ ಪಾನೀಯಗಳ ಡಬ್ಬಿಗಳನ್ನು ನಂಬಿ ಮೋಸಹೋಗಬೇಡಿ. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ನನ್ನಂತೆ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಡುವೆ ಶೌಚಾಲಯ ಸಿಗುವುದೋ ಇಲ್ಲವೋ ಎಂಬ ಅಂಜಿಕೆಯಿಂದ ನಾವು ನೀರು ಕುಡಿಯುವುದನ್ನೇ ಬಿಡುತ್ತೇವೆ. ನಾನು ಹಲವು ವರ್ಷ ಹಾಗೆಯೇ ಮಾಡಿ, ಎರಡು ಬಾರಿ ಮೂತ್ರನಾಳದ ಸೋಂಕಿನಿಂದ ನರಳಿದ್ದೇನೆ. ಯಾವ ಬಾಟಲಿಯೂ ಶೌಚಾಲಯವನ್ನು ಕಟ್ಟಿಕೊಡುವುದಿಲ್ಲ. ಆದರೆ ಒಂದೇ ಅಳತೆಯ ಬಾಟಲಿ ಕೈಯಲ್ಲಿದ್ದುದರಿಂದ ಎಷ್ಟು ಕುಡಿದೆ ಎಂಬುದು ಗೊತ್ತಾಗತೊಡಗಿತು: ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಬಾಟಲಿ ಮುಗಿಯಬೇಕು, ಒಮ್ಮೆಗೇ ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಮುಗಿಯಬೇಕು. ಮೂತ್ರದ ಬಣ್ಣ ಗಾಢ ಹಳದಿಗೆ ತಿರುಗಿದರೆ ಕುಡಿದದ್ದು ಸಾಲದು ಎಂದೇ ಅರ್ಥ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣಗಳಲ್ಲಿ ಶೌಚಾಲಯಗಳು ಇರುವುದರಿಂದ ಈಗ ನಾನು ದೂರದ ಪ್ರಯಾಣವನ್ನು ಅಲ್ಲಿ ಇಳಿದು ಬಸ್ ಬದಲಿಸುವಂತೆ ಹೊಂದಿಸಿಕೊಳ್ಳುತ್ತೇನೆ.

ಗುಂಡ್ಲುಪೇಟೆ, ಬಂಡೀಪುರದ ಮೂಲಕ ಊಟಿಗೆ ಹೋಗುವವರಿಗೆ ಇಂಥ ಬಾಟಲಿ ಬೇಕೇ ಬೇಕು, ಏಕೆಂದರೆ ನೀಲಗಿರಿ ಜಿಲ್ಲೆಯಲ್ಲಿ 2019ರಿಂದಲೇ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ನಿಷೇಧವಿದೆ. ಗಡಿಯ ತಪಾಸಣಾ ಠಾಣೆಯಲ್ಲಿ ಅವನ್ನು ತೆಗೆದುಕೊಂಡುಬಿಡುತ್ತಾರೆ, ಮುಂದೆ ದಾರಿಯಲ್ಲಿ ನೀರಿನ ಎಟಿಎಂಗಳಿವೆ. ನಮ್ಮ ದೇಶದಲ್ಲಿ 2022ರ ಜುಲೈ 1ರಂದು ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ನೀರಿನ ಬಾಟಲಿ ಸೇರಿಲ್ಲವಾದ್ದರಿಂದ ನೀಲಗಿರಿಯ ಈ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇನ್ನು ಬಾಟಲಿಯ ದೇಹದ ಬಗ್ಗೆ. ಇದು 304 ದರ್ಜೆಯ ಉಕ್ಕು. ಸುಮಾರು ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕ್ಕಲ್ ಇರುತ್ತದೆ. ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳು ಪದರವನ್ನು ಕಟ್ಟುತ್ತದೆ, ಗೀರು ಬಿದ್ದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಏಳು ವರ್ಷಗಳಲ್ಲಿ ಮೂರು ಕಡೆ ನೆಗ್ಗಿದೆ, ತುಕ್ಕು ಎಲ್ಲಿಯೂ ಇಲ್ಲ. ಬಯಲುಸೀಮೆಯ ಗಡಸು ನೀರಿನಿಂದ ಒಳಗೆ ಬಿಳಿಯ ಕರೆ ಕಟ್ಟುತ್ತದೆ. ನಿಂಬೆರಸ ಬೆರೆಸಿದ ಬಿಸಿನೀರನ್ನು ಒಂದು ಗಂಟೆ ಬಿಟ್ಟು ಬ್ರಷ್ ಹಾಕಿದರೆ ಹೋಗುತ್ತದೆ. ಬಾಯಿ ಕಿರಿದಾಗಿರುವುದು ಇದರ ನಿಜವಾದ ಕೊರತೆ. ಕೈ ಒಳಗೆ ಹೋಗುವುದಿಲ್ಲ, ಸೌಟಿನಿಂದ ಸುರಿದಾಗ ಅರ್ಧ ಹೊರಗೆ ಚೆಲ್ಲುತ್ತದೆ. ಇನ್ನೊಮ್ಮೆ ಕೊಳ್ಳುವುದಾದರೆ ಅಗಲ ಬಾಯಿಯದನ್ನೇ ಕೊಳ್ಳುತ್ತೇನೆ.

ನನ್ನ ದೊಡ್ಡ ದೂರು ಮುಚ್ಚಳದ ಒಳಗಿನ ರಬ್ಬರ್ ಉಂಗುರದ ಮೇಲೆ. ಮೊದಲ ವರ್ಷ ಇದರಲ್ಲಿ ಮಜ್ಜಿಗೆ ತುಂಬಿ ಇಡೀ ದಿನ ಬಿಟ್ಟಿದ್ದರಿಂದ ಉಂಗುರಕ್ಕೆ ಹುಳಿವಾಸನೆ ಹಿಡಿದು ಎಷ್ಟು ತೊಳೆದರೂ ಬಿಡಲಿಲ್ಲ. ಮಜ್ಜಿಗೆ, ಪಾನಕಗಳನ್ನು ಲೋಟದಲ್ಲೇ ಕುಡಿದು, ಬಾಟಲಿಗೆ ನೀರನ್ನು ಮಾತ್ರ ಹಾಕುವುದು ಒಳ್ಳೆಯದು. ನಾಲ್ಕನೆಯ ವರ್ಷ ಅದೇ ಉಂಗುರ ಸೀಳಿ ನೀರು ಸೋರಿ, ಒಂದು ಸಂಘದ ದಾಖಲೆಗಳು ನೆನೆದವು. ಬಾಟಲಿ ತಯಾರಿಸಿದ ಕಂಪನಿಗೆ ಎರಡು ಬಾರಿ ಬರೆದಾಗ ಬಿಡಿಭಾಗಗಳನ್ನು ಮಾರುವುದಿಲ್ಲ, ಹೊಸ ಬಾಟಲಿ ಕೊಳ್ಳಿ ಎಂಬ ಉತ್ತರ ಬಂತು. ನೆಟ್ಟಗಿರುವ ಉಕ್ಕಿನ ಪಾತ್ರೆಯನ್ನು ಒಂದು ಉಂಗುರಕ್ಕಾಗಿ ಎಸೆಯಿರಿ ಎಂದು, ಪರಿಸರದ ಹೆಸರು ಹೇಳಿ ಮಾರುವವರೇ ಹೇಳಿದ್ದು ನನಗೆ ಬಹಳ ನೋವು ತಂದಿತು. ಕೊನೆಗೆ ನಮ್ಮ ಬಡಾವಣೆಯಲ್ಲಿ ಕುಕ್ಕರ್ ರಿಪೇರಿ ಮಾಡುವವರು ಹಳೆಯ ಉಂಗುರದ ಅಳತೆ ಹಿಡಿದು, ಪಾತ್ರೆಗಳಿಗೆ ಬಳಸುವ ಸಿಲಿಕೋನ್ ಹಾಳೆಯಲ್ಲಿ ಎರಡು ಉಂಗುರಗಳನ್ನು ಕತ್ತರಿಸಿಕೊಟ್ಟು 30 ರೂಪಾಯಿ ತೆಗೆದುಕೊಂಡರು. ಮೊದಲನೆಯದು ಇಂದಿಗೂ ಮುಚ್ಚಳದಲ್ಲಿದೆ. ಎರಡನೆಯದನ್ನು ಓಆರ್‌ಎಸ್ ಪೊಟ್ಟಣಗಳ ಜೊತೆಗೆ ಚೀಲದ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.